ತಿರಿ ಓಣಿಯ ಒಲೆ

ತಿರಿ ಓಣಿ, ಲೌಟೋಕಾ
ಆಗಸ್ಟ್ ೧೨, ೧೯೯೬

ಪೂಜ್ಯ ಬೂಬು,

ಈ ಪತ್ರವನ್ನು ಕೂತು ಓದಬೇಡಿ, ಎದ್ದು ನಿಂತು ಓದಿ. ಇದನ್ನು ಬರೆಯುತ್ತಿರುವವಳು ಈಗ ಬರೀ ಅಜ್ಜಿಯ ಮುದ್ದಿನ ಮೊಮ್ಮಗಳು ಕೆಲೆರಾ ಅಲ್ಲ, ಘನ ಸರ್ಕಾರದ ಗಣತಿದಾರಳು. ಎದೆಯ ಮೇಲೆ ಬಿಲ್ಲೆ ಇದೆ. ಹೆಗಲಿಗೆ ಚೀಲ ಇದೆ. ಚೀಲದಲ್ಲಿ ಚೂಪು ಮಾಡಿದ ಪೆನ್ಸಿಲ್ಲುಗಳಿವೆ, ಅವನ್ನು ಕಚ್ಚಬಾರದೆಂಬ ಆದೇಶವೂ ಇದೆ. ಓಣಿಯ ನಾಯಿಗಳಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ನಿನ್ನೆಯೂ ಅಟ್ಟಿಸಿಕೊಂಡು ಬಂದವು.

ಮನೆಯಲ್ಲಿ ಅಸೆನಾಥಾ ಅತ್ತೆ ಬಿಲ್ಲೆಯನ್ನು ಮುಟ್ಟಿ ನೋಡಿ, "ಇದು ಇದ್ರೆ ಪಾತ್ರೆ ತೊಳೆಯೋ ಹಾಗಿಲ್ವಾ?" ಎಂದು ಕೇಳಿದರು. ಸರ್ಕಾರಿ ಕಾಗದಗಳಲ್ಲಿ ಅಂಥ ನಿಷೇಧ ಎಲ್ಲೂ ಇಲ್ಲವಾದ್ದರಿಂದ ತೊಳೆದೆ.

ನನ್ನ ಮೇಲಿನ ಅಧಿಕಾರಿ ಎರೋನಿ ಮಾಸ್ತರು. ಶಾಲೆಯಲ್ಲಿ ಇಡೀ ಜನ್ಮ ಬೆತ್ತ ಹಿಡಿದವರು, ಈಗ ಗಣತಿಗಾಗಿ ಸೀಸದ ಕಡ್ಡಿ ಹಿಡಿದಿದ್ದಾರೆ. ಅದೃಷ್ಟ ನೋಡಿ, ಅವರ ಊರಿಗೂ ನಮ್ಮ ವಾಯಾ ದ್ವೀಪಕ್ಕೂ ತೌವು! ಹಳೆಯ ದೇವರುಗಳ ಕಾಲದಿಂದ ಬಂದ ಸಲಿಗೆ. ಬೈದರೆ ಸಿಟ್ಟು ಮಾಡುವಂತಿಲ್ಲ, ಕದ್ದರೆ ಕೇಳುವಂತಿಲ್ಲ. ಮೊದಲ ದಿನವೇ ಎಲ್ಲರೆದುರು ಅಂದರು:

"ವಾಯಾದವಳಾ? ಹಾಗಾದ್ರೆ ಇವಳಿಗೆ ಪೆನ್ಸಿಲ್ ಎಣಿಸಿ ಕೊಡ್ರಪ್ಪಾ. ಮೀನು ಕಳ್ಳರ ವಂಶ."

"ಎಣಿಸೋರು ಯಾರು ತೌವು? ನಿಮ್ಮೂರೋರಿಗೆ ಹತ್ತರ ಮೇಲೆ ಬರಲ್ಲ ಅಂತ್ಲೇ ಸರ್ಕಾರ ನನ್ನನ್ನ ಕರೆಸಿದ್ದು."

ಅವರು ನಗಲಿಲ್ಲ. ಅವರು ನಗುವುದೇ ಇಲ್ಲ ಬೂಬು, ಮುಖ ಕಲ್ಲು. ಅವರನ್ನು ಒಮ್ಮೆ ನಗಿಸುವುದು ಈ ಗಣತಿಯ ನಿಜವಾದ ಉದ್ದೇಶವೆಂದು ನಾನು ನಿರ್ಧರಿಸಿದ್ದೇನೆ.

ನಿಯಮ ಸುಲಭ. ಸೂರು ಎಷ್ಟಾದರೂ ಇರಲಿ, ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರು ಒಂದು ಸಂಸಾರ. ಒಲೆ ಬೇರೆಯಾದರೆ ಸಂಸಾರ ಬೇರೆ. ಮಾಡು ತಗಡಿನದೋ, ನೀರು ಎಲ್ಲಿಂದ, ದುಡಿಯುವವರು ಯಾರು, ಆದಾಯ ಎಲ್ಲಿಂದ, ಎಲ್ಲ ಕೇಳಿ ಬರೆಯಬೇಕು. ಈ ಊರಲ್ಲಿ ಎಷ್ಟು ಜನ ಇದ್ದಾರೆ ಅಂತೀರಿ! ಸಕ್ಕರೆ ಗಿರಣಿಯ ಸಿಳ್ಳೆ ಹೊಡೆದಾಗ ಹೊರಗೆ ಬರುವವರನ್ನು ನೋಡಿದರೆ ಸಮುದ್ರ ಇಳಿದಾಗ ಏಡಿಗಳು ಹೊರಟಂತೆ ಕಾಣುತ್ತದೆ.

ಒಣಮೀನು ಮುಗಿದಿದೆ. ಸರ್ಕಾರದ ಪರವಾಗಿ ತಿಳಿಸುತ್ತಿದ್ದೇನೆ.

ನಿಮ್ಮ ಆಜ್ಞಾಧಾರಕ ಮತ್ತು ಇಡೀ ದೇಶದ ಸೇವಕಿ,
ಕೆಲೆರಾ

*

ವಾಯಾ
ಆಗಸ್ಟ್ ೧೯

ಕೆಲೆರಾ,

ನಿಂತು ಓದು ಎಂದಿದ್ದೆ. ಮೊಣಕಾಲು ಒಪ್ಪಲಿಲ್ಲ, ಕೂತೇ ಓದಿದೆ.

ಹಿಂದೊಬ್ಬ ಅರಸ ಗರ್ವದಿಂದ ತನ್ನ ಜನರನ್ನು ಎಣಿಸಿ ಊರಿಗೆಲ್ಲ ಪಿಡುಗು ತಂದುಕೊಂಡನಂತೆ, ನಮ್ಮ ಪಾದ್ರಿ ಭಾನುವಾರ ಹೇಳಿದರು. ನಿನ್ನನ್ನು ನೆನೆದೇ ಹೇಳಿದರೋ ಏನೋ. ಮನುಷ್ಯರನ್ನು ಮೀನಿನ ಹಾಗೆ ಎಣಿಸಬೇಡ. ಮನೆಗೆ ಹೋದಾಗ ಕೊಟ್ಟದ್ದನ್ನು ಮೊದಲು ತಿನ್ನು, ಆಮೇಲೆ ಪ್ರಶ್ನೆ ಕೇಳು. ಖಾಲಿ ಹೊಟ್ಟೆಯವರು ಕೇಳುವ ಪ್ರಶ್ನೆ ಚುಚ್ಚುತ್ತದೆ.

ಒಣಮೀನು ದೋಣಿಯಲ್ಲಿ ಕಳಿಸಿದ್ದೇನೆ. ಮರಗೆಣಸಿನ ಬುಟ್ಟಿ ಓಣಿಗೆ, ನಿನಗಲ್ಲ.

ಓಣಿಯ ದಯಾವತಿ ಹೇಗಿದ್ದಾಳೆ? ನಿನ್ನ ಪತ್ರದಲ್ಲಿ ನಾಯಿಗಳೆಲ್ಲ ಇವೆ, ಅವಳಿಲ್ಲ.

ಇಲ್ಲಿ ಗಾಳಿ ತಿಳಿಯಾಗಿದೆ. ಮುಸ್ಸಂಜೆಗೆ ಗುಡ್ಡ ಹತ್ತಿದರೆ ನೀರಿನಾಚೆ ಲೌಟೋಕಾದ ಬೆಳಕು ಕಾಣುತ್ತದೆ. ಹತ್ತುವುದಕ್ಕೆ ಕಾಲಿಲ್ಲ.

ಬೂಬು

*

ತಿರಿ ಓಣಿ
ಆಗಸ್ಟ್ ೨೭

ಪೂಜ್ಯ ಬೂಬು,

ಗಣತಿ ಮುಗಿಯಿತು. ಪಿಡುಗು ಬಂದಿಲ್ಲ. ನನಗೆ ಸ್ವಲ್ಪ ಹೊಟ್ಟೆ ಕೆಟ್ಟಿತು, ಅದು ನಿಮ್ಮ ಮಾತಿನಂತೆ ಎಲ್ಲ ಮನೆಯಲ್ಲೂ ತಿಂದದ್ದರಿಂದ.

ಒಂದು ವಿಷಯ ಹೇಳಬೇಕು, ತಮಾಷೆ ಬಿಟ್ಟು. ನಮ್ಮ ಓಣಿಯಲ್ಲಿ ಹನ್ನೊಂದು ಸೂರು, ಅರವತ್ತನಾಲ್ಕು ಜೀವ. ಸಂಬಳ ತರುವವರು ಯಾರೆಂದು ಕೇಳುತ್ತಾ ಹೋದೆ. ಒಂದು ಕೈಯ ಬೆರಳೂ ತುಂಬಲಿಲ್ಲ. ಪೆನ್ಸಿಲ್ ಹಿಡಿದು ಕೂಡಿದೆ, ಕಳೆದೆ. ಯಾವ ಲೆಕ್ಕದಲ್ಲೂ ಈ ಓಣಿ ಒಂದು ವಾರ ಬದುಕುವಂತಿಲ್ಲ! ಆದರೆ ಎಲ್ಲರೂ ಎದುರಿಗೇ ಕೂತಿದ್ದಾರೆ, ದಪ್ಪಗಿದ್ದಾರೆ, ನನ್ನ ಬಿಲ್ಲೆ ನೋಡಿ ನಗುತ್ತಿದ್ದಾರೆ.

ದಯಾವತಿ ಮೌಸಿಯನ್ನು ಕೇಳಿದ್ದಿರಿ. ರೊಟ್ಟಿ ಲಟ್ಟಿಸುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, "ತಮ್ಮ ಆದಾಯದ ಮೂಲ ಯಾವುದು?" ಎಂದೆ.

"ನಂದಾ? ಅಸೆನಾಥಾ."

"ಮೌಸಿ, ಇದು ಸರ್ಕಾರಿ ಪ್ರಶ್ನೆ. ಜನರ ಹೆಸರು ಹೇಳೋ ಹಾಗಿಲ್ಲ."

"ನಾನೂ ಸರ್ಕಾರಿ ಉತ್ತರಾನೇ ಹೇಳ್ತಿರೋದು ಕಣೇ ಹುಡುಗಿ. ಬರ್ಕೋ. ಅಸೆನಾಥಾ."

ಅತ್ತೆಯನ್ನು ಕೇಳಿದರೆ ಎದುರುಮನೆಯವರ ಹೆಸರು ಹೇಳಿದರು. ಎದುರುಮನೆಯವರು "ವಾಯಾದ ದೋಣಿ" ಎಂದರು. ಹೀಗೆ ಓಣಿಯುದ್ದಕ್ಕೂ ಒಬ್ಬರ ಆದಾಯ ಇನ್ನೊಬ್ಬರು. ನಾನು ಹುಟ್ಟಿದಾಗಿನಿಂದ ಈ ಓಣಿಗೆ ಬಂದು ಹೋಗಿ ಮಾಡಿದವಳು, ಬೂಬು. ಆವತ್ತು ಮೊದಲ ಸಲ ಬಾಯಿ ತೆರೆದುಕೊಂಡು ನಿಂತೆ. ಉತ್ತರ ತುಂಬುವ ಚೌಕ ಬಹಳ ಚಿಕ್ಕದಿತ್ತು.

ಆಮೇಲೆ ಸಂಜೆಯಾಯಿತು. ಎಂದಿನಂತೆ ಹನ್ನೊಂದು ಸೂರಿನವರೂ ಅಡುಗೆ ಚಪ್ಪರಕ್ಕೆ ಬಂದು ಅದೇ ಒಲೆಯ ಸುತ್ತ ಕೂತರು. ಚಹಾಕ್ಕೆ ಮನೆಮನೆಯಲ್ಲೂ ಸೀಮೆಎಣ್ಣೆ ಸ್ಟೋವ್ ಇದೆ, ಊಟದ ಬೆಂಕಿ ಮಾತ್ರ ಒಂದೇ. ದನದ ಮಾಂಸ ಬೇಯಿಸುವ ದಿನ ಮೌಸಿಗೆ ಬೇರೆ ಪಾತ್ರೆ, ಬೆಂಕಿ ಅದೇ. ಆಗ ನನಗೆ ಜ್ಞಾನೋದಯವಾಯಿತು. ಒಲೆ ಒಂದು, ಆದ್ದರಿಂದ ಸಂಸಾರ ಒಂದು! ಇಡೀ ಓಣಿಯನ್ನು ಒಂದೇ ಮನೆಯೆಂದು ಬರೆದೆ. ಮನೆಯ ಯಜಮಾನರ ಹೆಸರು: ಒಲೆ. ವಯಸ್ಸು: ಮೂವತ್ತೊಂದು. ಉದ್ಯೋಗ: ಅಡುಗೆ. ಉಳಿದ ಅರವತ್ತನಾಲ್ಕು ಜನರಿಗೂ ಯಜಮಾನರೊಂದಿಗೆ ಸಂಬಂಧ: ಉಣ್ಣುವವರು.

ಎರೋನಿ ಮಾಸ್ತರ ಮೇಜಿನ ಮೇಲೆ ಇಟ್ಟು ಕಾದೆ. ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಒಲೆ ಗಂಡೋ ಹೆಣ್ಣೋ? ಆ ಚೌಕ ಖಾಲಿ ಬಿಟ್ಟಿದ್ದೀಯಲ್ಲ."

"ಕೇಳಿದೆ ತೌವು. ಹೊಗೆ ಬಿಟ್ರೇ ವಿನಾ ಬಾಯಿ ಬಿಡಲಿಲ್ಲ."

ಅವರು 'ಸರಿಯಿದೆ' ಎಂದು ಬರೆದು ಸಹಿ ಹಾಕಿ ಕಟ್ಟಿನೊಳಗೆ ಸೇರಿಸಿಬಿಟ್ಟರು. ನಗಲಿಲ್ಲ! ನಾಳೆ ಬೈದು ವಾಪಸು ಕೊಡುತ್ತಾರೆ, ಆಗ ಸರಿಯಾಗಿ ಬರೆದರಾಯಿತು.

ಕೆಲೆರಾ

*

ವಾಯಾ
ಸೆಪ್ಟೆಂಬರ್ ೩

ಕೆಲೆರಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಒಲೆಯ ಹೆಸರನ್ನು ನೀನು ತಮಾಷೆಗೆ ಬರೆದಿರಬಹುದು. ನೀನು ಹುಟ್ಟಿದಂದಿನಿಂದ ಬರೆದದ್ದರಲ್ಲಿ ಸರಿಯಾಗಿ ಬರೆದದ್ದು ಅದೊಂದೇ. ಒಲೆ ಒಂದು, ಮನೆ ಒಂದು. ತಿದ್ದಬೇಡ.

ದಯಾವತಿಯ ಉತ್ತರವನ್ನೂ ತಿದ್ದಬೇಡ.

ಬೂಬು

*

ತಿರಿ ಓಣಿ
ಸೆಪ್ಟೆಂಬರ್ ೯

ಬೂಬು,

ಈ ಸಲ ಯಾವ ಬಿರುದೂ ಇಲ್ಲ. ಬಿಲ್ಲೆಯನ್ನು ಡಬ್ಬಿಯಲ್ಲಿಟ್ಟಿದ್ದೇನೆ.

ಶುಕ್ರವಾರ ನಗರಸಭೆಯವರು ಬಂದು ಮಾವಿನ ಮರಕ್ಕೆ ಸೂಚನೆ ಹೊಡೆದು ಹೋದರು. ಇಲ್ಲಿ ನೆಲೆಸಿರುವವರಿಗೆ ಹಕ್ಕುಪತ್ರ ಕೊಡುತ್ತಾರಂತೆ, ನಲ್ಲಿ ಹಾಕುತ್ತಾರಂತೆ. ಜಮೀನಿನ ಮೂಲ ಒಡೆಯರೂ ಒಪ್ಪಿದ್ದಾರಂತೆ. ಓಣಿಯಲ್ಲಿ ಕುಣಿದರು. ಆಮೇಲೆ ಅತ್ತೆ ಕೆಳಗಿನ ಸಾಲನ್ನು ಓದಿದರು. ಗಣತಿಯಲ್ಲಿ ಎಷ್ಟು ಸಂಸಾರವೋ ಅಷ್ಟೇ ಹಕ್ಕುಪತ್ರ.

ಒಂದು, ಬೂಬು. ಯಜಮಾನರು: ಒಲೆ.

ಓಡಿದೆ. ಎರೋನಿ ಮಾಸ್ತರು ಮೇಜಿನಿಂದ ತಲೆಯೆತ್ತಲಿಲ್ಲ.

"ಅದು ಸುವಾದ ಹೆಡ್ಡಾಫೀಸಿಗೆ ಹೋಯ್ತಲ್ಲ."

"ಅದು ತಮಾಷೆ ಆಗಿತ್ತು ತೌವು!"

"ನಿಯಮದ ಪ್ರಕಾರ ಸರಿಯಾಗೇ ಇತ್ತು. ತಿದ್ದಬೇಕು ಅಂದ್ರೆ ತಿಂಗಳ ಕೊನೇಲಿ ಮರುಪರಿಶೀಲನೆಗೆ ನಾನೇ ಬರ್ತೀನಿ. ಒಂದು ಒಲೆ ಕಂಡ್ರೆ ಒಂದು ಮನೆ. ಹನ್ನೊಂದು ಕಂಡ್ರೆ ಹನ್ನೊಂದು. ಕಣ್ಣಿಗೆ ಕಂಡಿದ್ದು ಬರೀತೀನಿ, ನಿನ್ನ ಕಣ್ಣೀರು ಬರ್ಕೊಳ್ಳೋಕೆ ಚೌಕ ಇಲ್ಲ."

ಓಣಿಯಲ್ಲಿ ಯಾರೂ ಬೈಯಲಿಲ್ಲ. ಅದೇ ತಾಳಲಾಗುವುದಿಲ್ಲ. ದಯಾವತಿ ಮೌಸಿ ಎಂದಿನಂತೆ ಮೀನಿನ ತಲೆಯ ತುಂಡನ್ನು ನನ್ನ ತಟ್ಟೆಗೇ ಹಾಕಿದರು. ಒಂದೇ ಹಕ್ಕುಪತ್ರ ಬಂದರೆ ಅದು ಅತ್ತೆಯ ಹೆಸರಿಗೆ. ಉಳಿದ ಹತ್ತು ಸೂರು ಅತ್ತೆಯ ಬಿಡಾರ. ಅತ್ತೆ ಇರುವವರೆಗೆ ಸರಿ, ಆಮೇಲೆ?

"ಹಾಗಾದ್ರೆ ಮನೆಮನೆಗೆ ಒಲೆ ಹಾಕೋಣ, ಮೂರು ಕಲ್ಲು ಇಟ್ರೆ ಆಯ್ತು" ಎಂದೆ. ಕಲ್ಲು ತರಲೂ ಹೊರಟೆ. ಅತ್ತೆ ಕೈ ಹಿಡಿದರು.

"ಮುಟ್ಬೇಡ. ಇಲ್ಲಿ ಒಂದೇ ಒಲೆ."

"ಯಾಕೆ ಅತ್ತೆ?"

"ನಂಗೊತ್ತಿಲ್ಲ. ನಾನು ಮದುವೆಯಾಗಿ ಬಂದಾಗ ಹಾಗೇ ಹೇಳಿದ್ರು. ನಾನೂ ಬಂದೋರಿಗೆಲ್ಲ ಹಾಗೇ ಹೇಳಿದ್ದೀನಿ. ನಿಮ್ಮ ಬೂಬುನ ಕೇಳು."

ಕೇಳುತ್ತಿದ್ದೇನೆ. ತಿದ್ದಬೇಡ ಎಂದಿರಿ. ಏನು ಗೊತ್ತಿತ್ತು ನಿಮಗೆ?

ಕೆಲೆರಾ

*

ವಾಯಾ
ಸೆಪ್ಟೆಂಬರ್ ೧೬

ಕೆಲೆರಾ,

ಹಕ್ಕುಪತ್ರದ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ತಿದ್ದಬೇಡ ಎನ್ನುತ್ತಿರಲಿಲ್ಲ.

ಅರವತ್ತೈದರಲ್ಲಿ ನಿನ್ನ ಅಜ್ಜನಿಗೆ ಬಂದರಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತು. ನಿಲ್ಲಲು ನೆಲ ಇರಲಿಲ್ಲ. ಕಾಂಡ್ಲಾ ಗಿಡಗಳ ಅಂಚಿನ ಆ ಜಾಗ ಪೌಲಿಯಾಸಿಯ ಕುಲದವರದು. ತಿಮಿಂಗಿಲದ ಹಲ್ಲಿನ ತಾಂಬುವಾ ಇಟ್ಟು ಕೇಳಿದೆವು. ಪೌಲಿಯಾಸಿ ಆಗ ಮೂವತ್ತು ಮುಟ್ಟದ ಹುಡುಗ, ಮೀಸೆ ಕಪ್ಪಗಿತ್ತು, ಅಪ್ಪ ಊರಲ್ಲಿಲ್ಲದ್ದರಿಂದ ಆ ಜಾಗದಲ್ಲಿ ಅವನೇ ಕೂತಿದ್ದ. ಇರಿ ಎಂದ. ಒಂದೇ ಒಲೆ ಇರಲಿ ಎಂದ. ಆಗಲಿ ಎಂದು ನಾನು ಮಾತು ಕೊಟ್ಟೆ. ಆಮೇಲೆ ಬಂದವರೆಲ್ಲ ನಮ್ಮ ಒಲೆಗೇ ಬಂದರು.

ಕೊಟ್ಟ ಮಾತನ್ನು ಕಲ್ಲು ಸರಿಸಿದ ಹಾಗೆ ಸರಿಸಲು ಬರುವುದಿಲ್ಲ. ಮಾತು ಪಡೆದವನ ಮುಂದೆ ಕೂತು ಬಿಡಿಸಿಕೊಳ್ಳಬೇಕು. ದೋಣಿಯಲ್ಲಿ ಹಿಟ್ಟಿನ ಡಬ್ಬಿ ಕಳಿಸಿದ್ದೇನೆ. ಮೇಲೆ ಹಿಟ್ಟು, ಕೆಳಗೆ ತಾಂಬುವಾ. ನನ್ನ ಮದುವೆಗೆ ಬಂದ ತಿಮಿಂಗಿಲದ ಹಲ್ಲು ಅದು. ಇನ್ನೊಂದು ನಮ್ಮ ಮನೆಯಲ್ಲಿಲ್ಲ. ಹೆಣ್ಣುಮಕ್ಕಳು ಅದನ್ನಿಟ್ಟು ಮಾತಾಡುವ ಪದ್ಧತಿಯಿಲ್ಲ. ಒಬ್ಬ ಗಂಡಸಿನ ಬಾಯಿ ಹುಡುಕಿಕೊಳ್ಳಿ.

ಅವನು ಏನು ಹೇಳಿದನೋ ಅದನ್ನು ಹಾಗೆಯೇ ಬರೆ. ಬಣ್ಣ ಹಚ್ಚಬೇಡ. ಅಲ್ಲಿ ತಮಾಷೆ ಮಾಡಬೇಡ.

ನನಗೆ ಹೆದರಿಕೆಯಾಗಿದೆ ಎಂದು ಅಸೆನಾಥಾಗೆ ಹೇಳಬೇಡ.

ಬೂಬು

*

ತಿರಿ ಓಣಿ
ಸೆಪ್ಟೆಂಬರ್ ೩೦

ಪ್ರೀತಿಯ ಬೂಬು,

ನೀವು ಹೇಳಿದಂತೆ ಬಣ್ಣ ಹಚ್ಚದೆ ಬರೆಯುತ್ತೇನೆ. ಬಣ್ಣ ಹಚ್ಚಲು ಜಾಗವೂ ಉಳಿದಿಲ್ಲ.

ಗಂಡಸಿನ ಬಾಯಿಗಾಗಿ ಹುಡುಕಿದಾಗ ಅತ್ತೆ, "ನಿನ್ನ ಮಾಸ್ತರು ಇದ್ದಾರಲ್ಲ" ಎಂದರು. ನಾಚಿಕೆ ಬಿಟ್ಟು ಹೋಗಿ ಕೇಳಿದೆ.  ಎರೋನಿ ಮಾಸ್ತರು ಎದೆಯ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಸರ್ಕಾರದವನಾಗಿ ಬರೋಕಾಗಲ್ಲ. ತೌವು ಆಗಿ ಬರ್ತೀನಿ. ಮೀನು ಕಳ್ಳರಿಗೆ ಬಾಯಿ ಸಾಲ ಕೊಟ್ಟೆ ಅಂತ ನಮ್ಮೂರಲ್ಲಿ ನಗ್ತಾರೆ."

ಶನಿವಾರ ಬೆಳಿಗ್ಗೆ ಮಾಸ್ತರು, ಅತ್ತೆ, ಮೌಸಿ, ನಾನು ಹೋದೆವು. ಪೌಲಿಯಾಸಿ ತಾತನಿಗೆ ಈಗ ಮೀಸೆ ಪೂರ್ತಿ ಬೆಳ್ಳಗೆ. ನಾವು ಚಾಪೆಯ ಬಾಗಿಲ ಅಂಚಿನಲ್ಲಿ ತಲೆ ತಗ್ಗಿಸಿ ಕೂತೆವು. ಮಾಸ್ತರು ತಾಂಬುವಾವನ್ನು ಎರಡೂ ಕೈಯಲ್ಲಿ ಹಿಡಿದು, ನಿಮ್ಮ ಹೆಸರು ಹೇಳಿ, ನೀವು ಕೊಟ್ಟ ಮಾತು ಹೇಳಿ, ಅದನ್ನು ಬಿಡಿಸಿಕೊಡಬೇಕೆಂದು ಬೇಡಿದರು. ಬೆತ್ತದ ಮಾಸ್ತರ ದನಿ ಅಷ್ಟು ಮೆತ್ತಗಾಗುತ್ತದೆಂದು ಯಾರಿಗೆ ಗೊತ್ತಿತ್ತು!

ತಾತ ಹಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದರು.

"ಒಂದೇ ಒಲೆ ಅಂದೆನಾ ನಾನು?"

"ಅಂದ್ರಂತೆ" ಎಂದರು ಅತ್ತೆ.

"ಹೂಂ... ಅಂದೆ, ಅಂದೆ. ಆಗ ಆ ಬೇಲಿ ಪಕ್ಕದಲ್ಲೆಲ್ಲ ನಮ್ಮ ಕಬ್ಬು. ತರಗು ಒಣಗಿ ಗರಿಗರಿ ಅಂತಿತ್ತು. ವಾಯಾದವಳು ಬಂದವಳೇ ಇಲ್ಲೊಂದು ಅಲ್ಲೊಂದು ಬೆಂಕಿ ಹಾಕೋಕೆ ಶುರು ಮಾಡಿದ್ಲು. ಒಂದು ಕಿಡಿ ಹಾರಿದ್ರೆ ನಮ್ಮಪ್ಪ ನನ್ನ ಚರ್ಮ ಸುಲಿದು ಹಾಕ್ತಿದ್ದ. ಅದಕ್ಕೇ ಒಂದೇ ಒಲೆ ಇರಲಿ ತಾಯಿ ಅಂದೆ."

ಕಬ್ಬಿಗಾಗಿ, ಬೂಬು! ನನ್ನ ಹೊಟ್ಟೆಯಲ್ಲಿ ನಗು ಎದ್ದಿತು. ಆಣೆ ಮಾಡಿ ಹೇಳುತ್ತೇನೆ, ನುಂಗಿಕೊಂಡೆ.

"ಕಬ್ಬು ತೆಗೆದು ಹದಿನೈದು ವರ್ಷ ಆಯ್ತಲ್ಲ" ಎಂದರು ತಾತ. ಆಮೇಲೆ ತಲೆಯೆತ್ತಿ, "ನೀವು... ಇನ್ನೂ ಒಂದೇ ಒಲೆಲಿ ಬೇಯಿಸ್ತಿದ್ದೀರಾ?"

 ದಯಾವತಿ ಮೌಸಿ ಮೆಲ್ಲಗೆ, "ಹೌದು ತಾತ. ನಿನ್ನೇನೂ" ಎಂದರು.

ದೂರದಲ್ಲಿ ಕಬ್ಬಿನ ರೈಲು ಹೋಗುವುದು ಕೇಳಿಸಿತು. ನನ್ನ ನಗು ಎಲ್ಲಿ ಹೋಯಿತೋ. ತಾತ ಎರಡು ಕೈ ಬಟ್ಟಲು ಮಾಡಿ ಚಪ್ಪಾಳೆ ತಟ್ಟಿದರು, ದೊಡ್ಡವರ ಮುಂದೆ ತಟ್ಟುತ್ತಾರಲ್ಲ, ಹಾಗೆ. ನಮ್ಮ ಮುಂದೆ! 

"ನಾನು ಆಡಿ ಮರೆತ ಮಾತು. ಅದನ್ನ ಇಡೀ ಓಣಿ ದಿನಾ ಬೇಯಿಸ್ಕೊಂಡು ಉಂಡಿದೆ. ಈ ಹಲ್ಲು ನಾನು ಇಟ್ಕೊಳ್ಳೋದಲ್ಲಪ್ಪ. ಇದನ್ನ ನಾನು ವಾಯಾಕ್ಕೆ ಕಳಿಸ್ಬೇಕಾದ್ದು. ಹೋಗಿ, ಬೇಕಾದಷ್ಟು ಬೆಂಕಿ ಹಾಕಿ."

 ಓಣಿಯ ಬಾಯಿಗೆ ಬಂದಾಗ ಮಾಸ್ತರು ಬಿಲ್ಲೆಯನ್ನು ಮತ್ತೆ ಎದೆಗೆ ಚುಚ್ಚಿಕೊಂಡು, ಚೀಲದಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟರು. ಮನೆಯ ಯಜಮಾನರು: ಒಲೆ.

"ಇದು ಸುವಾಕ್ಕೆ ಹೋಗಿತ್ತಲ್ಲ!"

"ಇದನ್ನ ಸುವಾಕ್ಕೆ ಕಳಿಸಿದ್ರೆ ನನ್ನ ಪಿಂಚಣಿ ಹೋಗ್ತಿತ್ತು ಕಣಮ್ಮ. ಅವತ್ತಿನಿಂದ ನನ್ನ ಹಾಸಿಗೆ ಕೆಳಗಿದೆ. ದಿನಾ ಮಲಗೋ ಮುಂಚೆ ಓದ್ತೀನಿ." ಅಷ್ಟು ಹೇಳಿ ನಕ್ಕರು. ನಕ್ಕರು, ಬೂಬು! ಹೊಟ್ಟೆ ಹಿಡಿದುಕೊಂಡು, ಮಾವಿನ ಮರಕ್ಕೆ ಒರಗಿ. "ಮೂರು ವಾರ ನಿನ್ನ ನಿದ್ದೆ ಕದ್ದೆ. ತೌವು ಕದ್ದಿದ್ದನ್ನ ಕೇಳೋ ಹಾಗಿಲ್ಲ."

ಸೂರ್ಯ ಮುಳುಗುವ ಮುಂಚೆ, ಚಪ್ಪರದ ಒಲೆ ಅತ್ತೆಯ ಪಾಲೆಂದು ಬಿಟ್ಟು, ಉಳಿದ ಹತ್ತು ಮನೆಯ ಮುಂದೆ ಮೂರು ಮೂರು ಕಲ್ಲು ಬಂದವು. ಚಪ್ಪರದ ಒಲೆಯಿಂದಲೇ ಕೊಳ್ಳಿ ತಂದು ಹಚ್ಚಬೇಕೆಂದು ಅತ್ತೆ ಹೇಳಿದರು. ಒಂದೊಂದೇ ಹತ್ತಿಕೊಂಡಿತು. ನಾನು ಓಣಿಯ ತುದಿಯಲ್ಲಿ ನಿಂತು ನೋಡಿದೆ. ಹನ್ನೊಂದು ಹೊಗೆ ನೆಟ್ಟಗೆ ಎದ್ದು, ತಗಡಿನ ಮೇಲೆ ಹೋಗಿ, ಗಿರಣಿಯ ದೊಡ್ಡ ಹೊಗೆಯ ಪಕ್ಕದಲ್ಲಿ ಸಣ್ಣ ಮಕ್ಕಳ ಸಾಲಿನಂತೆ ನಿಂತವು. ನಾನು ಎಣಿಸಿದ್ದು ಇದನ್ನೇ ಏನು? ಹನ್ನೊಂದು ಎಂಬ ಅಂಕಿಯನ್ನು ಕಾಗದದಲ್ಲಿ ಬರೆದಾಗ ಅದರಲ್ಲಿ ಇಷ್ಟು ಬೆಳಕು ಇರುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮಾಸ್ತರೂ ಟೊಪ್ಪಿ ತೆಗೆದು ನಿಂತಿದ್ದರು. ಹನ್ನೊಂದು ಎಂದು ಬರೆದರು.

ಬೆಂದ ಮೇಲೆ ಏನಾಯಿತು ಗೊತ್ತೇ? ಎಲ್ಲರೂ ಪಾತ್ರೆ ಎತ್ತಿಕೊಂಡು ಚಪ್ಪರಕ್ಕೇ ಬಂದರು. ಯಾರೂ ಕರೆದಿರಲಿಲ್ಲ. "ಇನ್ನೇನು, ಒಬ್ಬೊಬ್ರೇ ಕೂತು ಉಣ್ಣೋಕೆ ನಾವೇನು ಸಾಹೇಬ್ರಾ?" ಎಂದರು ಮೌಸಿ. ಮಾಸ್ತರು ತಟ್ಟೆ ಹಿಡಿದು ಕೂತು, "ಇದು ನಾನು ನೋಡಿಲ್ಲ" ಎಂದರು.

ಕಬ್ಬಿನ ವಿಷಯ ನಿಮಗೆ ಬರೆಯಬೇಡ ಎಂದು ಅತ್ತೆ ಹೇಳಿದ್ದರು, ಬೂಬುಗೆ ನೋವಾಗುತ್ತದೆ ಎಂದು. ಹಾಗೆಯೇ ಬರೆ ಎಂದಿದ್ದಿರಿ, ಬರೆದೆ. ಸಿಟ್ಟಾಗಬೇಡಿ. ತಾಂಬುವಾ ಅದೇ ಡಬ್ಬಿಯಲ್ಲಿದೆ. ಮೇಲೆ ಮೌಸಿಯ ರೊಟ್ಟಿ.

ಕೆಲೆರಾ

*

ವಾಯಾ
ಅಕ್ಟೋಬರ್ ೭

ನನ್ನ ಕೆಲೆರಾ,

ರೊಟ್ಟಿ ಗಟ್ಟಿಯಾಗಿತ್ತು. ಚಹಾದಲ್ಲಿ ಅದ್ದಿ ತಿಂದೆ, ಒಂದನ್ನೂ ಬಿಡಲಿಲ್ಲ.

ಕಬ್ಬಿನ ವಿಷಯ ನನಗೆ ಗೊತ್ತಿತ್ತು. ಪೌಲಿಯಾಸಿ ಆವತ್ತೇ ಹೇಳಿದ್ದ. ನಿಮ್ಮೆಲ್ಲರ ಮುಂದೆ ಹೇಳಿಬಿಡುತ್ತಾನೋ ಎಂದೇ ನನಗೆ ಹೆದರಿಕೆಯಾದದ್ದು.

ಅವರು ಕಬ್ಬು ತೆಗೆದ ವರ್ಷವೇ ಒಲೆ ಬೇರೆ ಮಾಡಬಹುದಿತ್ತು. ಆಗ ನಾನಿನ್ನೂ ಓಣಿಯಲ್ಲೇ ಇದ್ದೆ, ಕಲ್ಲು ತರಲು ಹೊರಟಿದ್ದೆ ಕೂಡ. ಆ ವಾರ ದಯಾವತಿಯ ಗಂಡ ಹಾಸಿಗೆ ಹಿಡಿದ. ಅವಳ ಮನೆಯಲ್ಲಿ ಬೇಯಿಸಲು ಏನೂ ಇರಲಿಲ್ಲ. ಒಲೆ ಬೇರೆಯಾಗಿದ್ದರೆ ಅವಳು ಬಂದು ಕೇಳಬೇಕಿತ್ತು. ಅವಳು ಕೇಳುವ ಹೆಂಗಸಲ್ಲ. ಒಂದೇ ಒಲೆಯಲ್ಲಿ ಯಾರೂ ಕೇಳುವುದಿಲ್ಲ, ತಟ್ಟೆ ಹಿಡಿಯುತ್ತಾರೆ, ಅಷ್ಟೇ. ಕಲ್ಲನ್ನು ಅಲ್ಲೇ ಬಿಟ್ಟು ಬಂದು, ಮುಖ ಗಂಟು ಹಾಕಿಕೊಂಡು, ಮಾತು ಕೊಟ್ಟಿದ್ದೇವೆ, ಇಲ್ಲಿ ಒಂದೇ ಒಲೆ ಎಂದೆ. ಮಾತು ಎಂದರೆ ಯಾರೂ ಯಾಕೆ ಎನ್ನುವುದಿಲ್ಲ. ಆಮೇಲೆ ಪ್ರತಿವರ್ಷ ಯಾರಿಗೋ ಒಬ್ಬರಿಗೆ ಕಷ್ಟ ಬಂತು. ಗಂಟು ಬಿಚ್ಚಲು ಆಗಲೇ ಇಲ್ಲ.

ನಿನಗೆ ಈ ಚೇಷ್ಟೆ ಯಾರಿಂದ ಬಂತೆಂದು ಅಸೆನಾಥಾ ಕೇಳುತ್ತಿರುತ್ತಾಳಲ್ಲ. ಹೇಳಬೇಡ. ದಯಾವತಿಗಂತೂ ಹೇಳಬೇಡ.

ಒಲೆ ಹಚ್ಚಿದ ಸಂಜೆಯೇ ನಿನ್ನ ಪತ್ರ ಬಂದಿದ್ದರೆ ಚೆನ್ನಾಗಿತ್ತು. ತಡವಾಗಿ ಬಂತು, ಆದರೂ ನಿನ್ನೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ನಿಂತು ನಿಂತು ಗುಡ್ಡ ಹತ್ತಿದೆ. ಮುಸ್ಸಂಜೆ. ಗಾಳಿ ತಿಳಿಯಾಗಿತ್ತು. ಗಿರಣಿಯ ದೀಪವೋ ನಿಮ್ಮ ಬೆಂಕಿಯೋ ದೇವರೇ ಬಲ್ಲ, ನೀರಿನಾಚೆ ಬೆಳಕು ಕಂಡಿತು. ಕಣ್ಣು ಒರೆಸಿಕೊಂಡು ಎಣಿಸಲು ನೋಡಿದೆ.

ಇಲ್ಲಿಂದ ಒಂದೇ ಕಾಣುತ್ತದೆ.

ಬೂಬು